ಕುರ್ಚಿ ಏರಿದಷ್ಟೂ ದೂರವಾಗುವ ಹಳ್ಳಿ

ಸಾರ್ವಜನಿಕ ಆರೋಗ್ಯ ಬೋಧಿಸುವ ಪ್ರಾಧ್ಯಾಪಕರೊಬ್ಬರು ವಿಭಾಗದ ಮುಖ್ಯಸ್ಥರಾಗಿ, ಡೀನ್ ಆಗಿ, ಕೊನೆಗೆ ಕುಲಪತಿಯೋ ನಿರ್ದೇಶಕರೋ ಆದಾಗ ಪತ್ರಿಕೆಗಳಲ್ಲಿ ಬರುವ ಪರಿಚಯ ಹೆಚ್ಚುಕಡಿಮೆ ಒಂದೇ ಬಗೆಯದು. ಇಷ್ಟು ಪ್ರಬಂಧ, ಇಷ್ಟು ಸಮಿತಿ, ಇಷ್ಟು ದೇಶ. ಅವರು ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದ ಜೊತೆ ಎಷ್ಟು ವರ್ಷ ನಂಟು ಇಟ್ಟುಕೊಂಡಿದ್ದರು, ಆ ಊರುಗಳಲ್ಲಿ ಅದರಿಂದ ಏನಾಯಿತು ಎಂಬ ಸಾಲು ಸಿಗುವುದು ಅಪರೂಪ. ಪರಿಚಯ ಬರೆದವರನ್ನು ದೂರಿ ಫಲವಿಲ್ಲ. ಬಡ್ತಿಯ ಕಡತದಲ್ಲೇ ಆ ಸಾಲಿಗೆ ತೂಕವಿಲ್ಲದ ಮೇಲೆ ಪತ್ರಿಕೆಯಲ್ಲಿ ಎಲ್ಲಿಂದ ಬಂದೀತು? ಹೃದ್ರೋಗ ತಜ್ಞರು ಮೇಲೇರಿದರೂ ಆಸ್ಪತ್ರೆಯೊಳಗೇ ಇರುತ್ತಾರೆ, ಅವರ ರೋಗಿಯೂ ಅಲ್ಲೇ ಇರುತ್ತಾನೆ. ಸಾರ್ವಜನಿಕ ಆರೋಗ್ಯದ ಮೇಷ್ಟರ ಪಾಡು ಬೇರೆ. ಅವರ ಪಾಠಶಾಲೆ ಇರುವುದು ಊರಿನಲ್ಲಿ, ಅವರ ಏಣಿ ಇರುವುದು ನಗರದಲ್ಲಿ. ಒಂದೊಂದು ಮೆಟ್ಟಿಲು ಹತ್ತಿದಂತೆ ಊರು ಅಷ್ಟಷ್ಟು ದೂರವಾಗುತ್ತದೆ. ಈ ಏಣಿಯನ್ನೇ ಬದಲಿಸಬೇಕು, ಒಂದೇ ಸೀಮೆಯ ಜನರೊಡನೆ ವರ್ಷಗಟ್ಟಲೆ ಮಾಡಿದ ಕೆಲಸಕ್ಕೆ ಬಡ್ತಿಯಲ್ಲೂ ಕುಲಪತಿಯ ಆಯ್ಕೆಯಲ್ಲೂ ಪ್ರಬಂಧದಷ್ಟೇ ಬೆಲೆ ಬರಬೇಕು ಎಂಬುದು ಇಲ್ಲಿನ ವಾದ. ಅದಕ್ಕೆ ಬೇಕಾದ ಪುರಾವೆಯ ಬಹುಪಾಲು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೂ ಅದರ ಆಸುಪಾಸಿನಲ್ಲೂ ಇದೆ.

ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರನ್ನು ನೋಡಿ. ಆ ತಾಲ್ಲೂಕು ಕೋಲಾರ ಜಿಲ್ಲೆಯಲ್ಲಿದ್ದ ಕಾಲ ಅದು. 1973ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಅಲ್ಲಿನ ಹಾಲು ಉತ್ಪಾದಕರ ಸಹಕಾರ ಸಂಘದ ಜೊತೆ ಸೇರಿ ಒಂದು ಆರೋಗ್ಯ ಸಹಕಾರ ವ್ಯವಸ್ಥೆ ಕಟ್ಟಿತು. ಡೇರಿಗೆ ಹಾಕುವ ಲೀಟರ್ ಹಾಲಿನ ಲೆಕ್ಕದಲ್ಲಿ ಕೆಲವು ಪೈಸೆ ತೆಗೆದಿಟ್ಟು ಆ ಹಣದಲ್ಲಿ ವೈದ್ಯರನ್ನೂ ಔಷಧಿಯನ್ನೂ ನಿಭಾಯಿಸುವ ಏರ್ಪಾಡು. ಹಸುವಿಗೆ ಪಶುವೈದ್ಯರನ್ನು ಕರೆಸಬಲ್ಲ ಸಂಘ ಮನುಷ್ಯರಿಗೂ ವೈದ್ಯರನ್ನು ಇಟ್ಟುಕೊಳ್ಳಬಹುದಲ್ಲ ಎಂಬ ಸರಳ ತರ್ಕ ಅದರ ಹಿಂದೆ ಇತ್ತು. ಆರೋಗ್ಯ ವಿಮೆ ಎಂಬ ಮಾತು ಹಳ್ಳಿಗೆ ಕಾಲಿಡುವ ಎಷ್ಟೋ ವರ್ಷ ಮೊದಲು, ದಾನವನ್ನೂ ಸರ್ಕಾರದ ಆದೇಶವನ್ನೂ ಕಾಯದೆ, ಊರಿನವರ ದಿನದ ದುಡಿಮೆಯಿಂದಲೇ ನಡೆದ ಪ್ರಯೋಗವಿದು. ಕಾಲೇಜಿನ ಎಳೆಯ ವೈದ್ಯರಿಗೆ ಇದು ತರಬೇತಿಯ ಜಾಗವೂ ಆಯಿತು. ಅದರ ಮಿತಿಯೂ ಕಣ್ಣಿಗೆ ಕಾಣುವಂಥದ್ದೇ. ಹಸುವಿಲ್ಲದವನು ಹಾಲು ಹಾಕುವುದಿಲ್ಲ, ಹಾಲು ಹಾಕದವನಿಗೆ ಸಂಘದಲ್ಲಿ ಮಾತಿಲ್ಲ, ಕೂಲಿ ಮಾಡುವ ಭೂಹೀನನ ಮನೆಯಲ್ಲೇ ಕಾಯಿಲೆ ಹೆಚ್ಚು. ಈ ಮಿತಿಯೂ ಕೂಡ ಊರಿನೊಳಗೆ ವರ್ಷಗಟ್ಟಲೆ ಓಡಾಡಿದ ಅಧ್ಯಾಪಕರಿಗೆ ಮಾತ್ರ ಅರ್ಥವಾಗುವ ಪಾಠ, ವಾರದ ಸಮೀಕ್ಷೆಗೆ ಬಂದುಹೋಗುವವರಿಗೆ ಸಿಗುವುದಲ್ಲ. ಅದೇ ಕಾಲೇಜಿನ ಸಮುದಾಯ ಆರೋಗ್ಯ ವಿಭಾಗದಲ್ಲಿದ್ದ ಡಾ. ರವಿ ನಾರಾಯಣ್ ಮತ್ತು ಡಾ. ಥೆಲ್ಮಾ ನಾರಾಯಣ್ ಗೆಳೆಯರೊಂದಿಗೆ 1984ರಲ್ಲಿ ಬೆಂಗಳೂರಿನಲ್ಲಿ ಕಮ್ಯುನಿಟಿ ಹೆಲ್ತ್ ಸೆಲ್ ಆರಂಭಿಸಿದರು. ಮುಂದೆ ಅದು ದೇಶದ ಜನಾರೋಗ್ಯ ಚಳವಳಿಯ ಒಂದು ಮುಖ್ಯ ನೆಲೆಯಾಯಿತು. ಒಳ್ಳೆಯದೇ ಆಯಿತು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಜನರ ನಡುವೆ ಕೆಲಸ ಮಾಡಲು ಸಮುದಾಯ ವೈದ್ಯಶಾಸ್ತ್ರದ ಅಧ್ಯಾಪಕರು ಕಾಲೇಜಿನಿಂದ ಹೊರಗೆ ಬರಬೇಕಾಗುತ್ತದೆ ಎಂದಾದರೆ ಕಾಲೇಜಿನೊಳಗೆ ಆ ವಿಭಾಗ ಇರುವುದಾದರೂ ಯಾತಕ್ಕೆ?

ಚಿಂತಾಮಣಿ ತಾಲ್ಲೂಕಿನ ಕೈವಾರದ ಹೆಸರು ಯೋಗಿ ನಾರೇಯಣ ತಾತಯ್ಯನವರಿಂದ ನಾಡಿಗೆಲ್ಲ ಗೊತ್ತು. ವೈದ್ಯಕೀಯ ನಿಯತಕಾಲಿಕೆಗಳ ಓದುಗರಿಗೆ ಅದು ಬೇರೊಂದು ಕಾರಣಕ್ಕೆ ಪರಿಚಿತ. ಎಂ.ಎಸ್. ರಾಮಯ್ಯ ವೈದ್ಯಕೀಯ ಕಾಲೇಜಿನ ಗ್ರಾಮೀಣ ಕ್ಷೇತ್ರ ತರಬೇತಿ ಪ್ರದೇಶ ಅದು. ಕೈವಾರ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯ ಹಳ್ಳಿಗಳಿಂದ ಸಂಗ್ರಹಿಸಿದ ಮಾಹಿತಿ ಹಲವು ಸಂಶೋಧನಾ ಲೇಖನಗಳಲ್ಲಿ ಬಂದಿದೆ. ಇಂಥ ಕ್ಷೇತ್ರ ಪ್ರದೇಶ ಪ್ರತಿ ವೈದ್ಯಕೀಯ ಕಾಲೇಜಿಗೂ ಇರಲೇಬೇಕೆಂಬುದು ನಿಯಮ. ಕೈವಾರದ್ದೆಂದಲ್ಲ, ರಾಜ್ಯದ ಯಾವ ಕ್ಷೇತ್ರ ಪ್ರದೇಶದ ಬಗ್ಗೆಯೂ ಕೇಳಬೇಕಾದ ಮಾತು ಒಂದಿದೆ. ಮನೆಮನೆಗೆ ಹೋಗಿ ರಕ್ತದೊತ್ತಡ ಅಳೆದು, ಪ್ರಶ್ನೆಪಟ್ಟಿ ತುಂಬಿಸಿಕೊಂಡು ಬರೆದ ಲೇಖನದ ಸಾರಾಂಶ ಆ ಮನೆಗೆ ಮರಳಿ ಬಂತೇ? ಗ್ರಾಮಸಭೆಯಲ್ಲಿ ಯಾರಾದರೂ ಅದನ್ನು ಓದಿ ಹೇಳಿದರೇ? ಈ ಸೀಮೆಯ ಎಷ್ಟೋ ಮನೆಗಳಲ್ಲಿ ತೆಲುಗು ಮಾತು, ಕೆಲವೆಡೆ ದಖನಿ ಉರ್ದು, ಶಾಲೆಯಲ್ಲಿ ಕನ್ನಡ. ಲೇಖನ ಬರುವುದು ಈ ಮೂರೂ ಅಲ್ಲದ ಭಾಷೆಯಲ್ಲಿ. ಬಡ್ತಿಯ ಸಮಿತಿ ಲೇಖನ ಎಣಿಸುತ್ತದೆ. ಹಳ್ಳಿಗೆ ಮರಳಿ ಹೋಗಿ ಹೇಳಿದ ಸಂಜೆಗಳನ್ನು ಎಣಿಸುವ ಅಂಕಣ ಅದರ ಬಳಿ ಇಲ್ಲ. ಹೀಗಿರುವಾಗ ಬುದ್ಧಿವಂತ ಸಹಾಯಕ ಪ್ರಾಧ್ಯಾಪಕ ತನ್ನ ಸಂಜೆಯನ್ನು ಎಲ್ಲಿ ಕಳೆಯುತ್ತಾನೆ ಎಂದು ಯಾರಾದರೂ ಊಹಿಸಬಹುದು.

ಹಳ್ಳಿಯಲ್ಲಿ ಕೂತು ಕಲಿತದ್ದು ಶಾಸ್ತ್ರದ ದಿಕ್ಕನ್ನೇ ಬದಲಿಸಿದ ನಿದರ್ಶನಕ್ಕೆ ಪಕ್ಕದ ತುಮಕೂರಿಗೆ ಹೋಗಬೇಕು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾದಾಗ ಎಲ್ಲರ ನಂಬಿಕೆ ಒಂದೇ ಆಗಿತ್ತು: ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಕೆಮ್ಮಿದರೂ ಆಸ್ಪತ್ರೆಗೆ ಬರುವುದಿಲ್ಲ, ಎಕ್ಸ್-ರೇ ವಾಹನ ತೆಗೆದುಕೊಂಡು ನಾವೇ ಹೋಗಿ ಹುಡುಕಬೇಕು. ಅಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳ ಕ್ಷಯರೋಗಿಗಳನ್ನು ಮಾತಾಡಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ಬಹುತೇಕ ರೋಗಿಗಳಿಗೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆ ಎಂಬುದು ಗೊತ್ತಿತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿದ್ದರು. ಅವರ ಕೈಗೆ ಕೆಮ್ಮಿನ ಔಷಧಿ ಕೊಟ್ಟು ಕಳಿಸಲಾಗಿತ್ತು. ಅಂದರೆ ತಿಳಿವಳಿಕೆ ಬೇಕಿದ್ದದ್ದು ಬಾಗಿಲಿನ ಒಳಗಿದ್ದವರಿಗೆ. ಬಂದವರ ಕಫ ಪರೀಕ್ಷಿಸಿದರೆ ದೊಡ್ಡ ಕೆಲಸವಾದಂತೆ ಎಂಬ ಯೋಚನೆ ಅಲ್ಲಿಂದ ಬೆಳೆದು ಜಿಲ್ಲಾ ಕ್ಷಯರೋಗ ಕಾರ್ಯಕ್ರಮಕ್ಕೆ ಬೆನ್ನೆಲುಬಾಯಿತು. ಬ್ಯಾನರ್ಜಿ ಮುಂದೆ ದಿಲ್ಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸಾಮಾಜಿಕ ವೈದ್ಯಶಾಸ್ತ್ರದ ಕೇಂದ್ರ ಕಟ್ಟಿದರು. ಆರೋಗ್ಯ ಶಿಕ್ಷಣವೆಂದರೆ ಜನರಿಗೆ ಭಾಷಣ ಮಾಡುವುದು ಎಂದುಕೊಂಡಿರುವ ಇಲಾಖೆಗಳು ಅರವತ್ತು ವರ್ಷ ಹಳೆಯ ಈ ಲೇಖನವನ್ನು ಇವತ್ತಿಗೂ ಓದಿದಂತೆ ತೋರುವುದಿಲ್ಲ.

ಈಗ ಮುರುಗಮಲ್ಲಕ್ಕೆ ಬರೋಣ. ಚಿಂತಾಮಣಿ ತಾಲ್ಲೂಕಿನ ಈ ಹೋಬಳಿ ಕೇಂದ್ರದಲ್ಲಿ ಮುಕ್ತೀಶ್ವರನ ಗುಡಿಯೂ ಇದೆ, ಅಮ್ಮಾಜಾನ್ ಬಾವಾಜಾನ್ ದರ್ಗಾವೂ ಇದೆ. ದರ್ಗಾಕ್ಕೆ ಹಿಂದೂ ಮುಸ್ಲಿಂ ಎನ್ನದೆ ಕರ್ನಾಟಕದಿಂದಲೂ ಆಂಧ್ರದಿಂದಲೂ ಜನ ಬರುತ್ತಾರೆ. ಹರಕೆ ಹೊತ್ತವರ ನಡುವೆ ಮನಸ್ಸು ಕೆಟ್ಟವರನ್ನು, ಗಾಳಿ ಹಿಡಿದಿದೆ ಎಂದು ಮನೆಯವರು ನಂಬಿದವರನ್ನು ಕರೆತಂದ ಕುಟುಂಬಗಳೂ ಇರುತ್ತವೆ. ಸಾರ್ವಜನಿಕ ಆರೋಗ್ಯದ ಅಧ್ಯಾಪಕನಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಯಾವುದಿದ್ದೀತು? ಇಂಥ ಜಾಗಗಳ ಅಪಾಯವೂ ಗೊತ್ತಿರುವಂಥದ್ದೇ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ದರ್ಗಾದ ಬಳಿಯ ಒಂದು ಖಾಸಗಿ ಆಶ್ರಯಕ್ಕೆ ಬೆಂಕಿ ಬಿದ್ದು, ಸರಪಳಿ ಬಿಗಿದಿದ್ದ 28 ಮನೋರೋಗಿಗಳು ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಬಿಗಿಯುವುದನ್ನು ಸಾರಾಸಗಟಾಗಿ ನಿಷೇಧಿಸಿದೆ. ಆದರೆ ನಿಷೇಧ ಒಂದೇ ಉತ್ತರವಾಗಿದ್ದರೆ ಕೆಲಸ ಎಂದೋ ಮುಗಿಯುತ್ತಿತ್ತು. ಏರ್ವಾಡಿಯ ಮರುವರ್ಷವೇ, 2002ರಲ್ಲಿ, ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್, ಅಲ್ಲಿಯೇ ಆರೋಗ್ಯ ಶಿಕ್ಷಣದ ಪ್ರಾಧ್ಯಾಪಕಿಯಾಗಿದ್ದ ಜಯಶ್ರೀ ರಾಮಕೃಷ್ಣ ಮತ್ತು ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಮಿಳುನಾಡಿನ ಒಂದು ಗುಡಿಯಲ್ಲಿ ಉಳಿದುಕೊಂಡಿದ್ದ 31 ಮನೋರೋಗಿಗಳನ್ನು ಬಂದಾಗ ಒಮ್ಮೆ, ಹೊರಡುವಾಗ ಒಮ್ಮೆ ಪರೀಕ್ಷಿಸಿ ನೋಡಿದರೆ ರೋಗಲಕ್ಷಣಗಳ ಅಂಕ ಸುಮಾರು ಶೇ 20ರಷ್ಟು ಇಳಿದಿತ್ತು. ಅಲ್ಲಿ ಮಂತ್ರ ತಂತ್ರದ ವಿಶೇಷ ವಿಧಿ ಏನೂ ಇರಲಿಲ್ಲ. ಬೈಯದ, ಹೆದರಿಸದ, ಮನೆಯವರೊಬ್ಬರು ಜೊತೆಗಿರುವ ವಾತಾವರಣ ಇತ್ತು. ಈ ಅಧ್ಯಯನವನ್ನು ಗುಡಿ ಸಾಕು, ಗುಳಿಗೆ ಬೇಡ ಎಂದು ಓದಿಕೊಂಡರೆ ಅದು ಅಪಾಯ. 31 ಜನರ ಮೇಲೆ ಅಷ್ಟು ಭಾರ ಹೇರಲಾಗದು, ಹೋಲಿಸಿ ನೋಡಲು ಇನ್ನೊಂದು ಗುಂಪೂ ಅಲ್ಲಿರಲಿಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರಿಂದ ನಡೆದ ‘ದವಾ–ದುವಾ’ ಪ್ರಯೋಗವೇ ಇದರ ಸರಿಯಾದ ಓದು: ಪ್ರಾರ್ಥನೆ ತನ್ನ ಪಾಡಿಗೆ ನಡೆಯಲಿ, ಅದೇ ಆವರಣದಲ್ಲಿ ಮನೋವೈದ್ಯರೂ ಸಿಗಲಿ, ದರ್ಗಾ ನೋಡಿಕೊಳ್ಳುವ ಮುಜಾವರರೇ ರೋಗಿಯನ್ನು ಅವರ ಬಳಿ ಕಳಿಸಲಿ. ನಮ್ಮಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ‘ಮನೋಚೈತನ್ಯ’ ಶಿಬಿರಗಳಿವೆ. ಜನ ಸೇರುವ ಜಾಗದಲ್ಲಿ, ಜನ ಸೇರುವ ದಿನ ಅದು ನಡೆಯಲು ಯಾರಾದರೂ ಮುಜಾವರರ ಜೊತೆ ಕೂತು ಮಾತಾಡಬೇಕು, ಅವರ ವಿಶ್ವಾಸ ಗಳಿಸಬೇಕು. ಎರಡು ಮೂರು ವರ್ಷ ಹಿಡಿಯುವ ಕೆಲಸ ಅದು. ಬಡ್ತಿಗೆ ಕಾದಿರುವ ಅಧ್ಯಾಪಕ ಆ ಎರಡು ಮೂರು ವರ್ಷ ಯಾಕೆ ಕೊಡಬೇಕು?

ಹಾಗೆ ಕೊಟ್ಟವರು ಇಲ್ಲವೆಂದಲ್ಲ. ನಿಮ್ಹಾನ್ಸ್‌ನವರು 1970ರ ದಶಕದ ನಡುವಿನಲ್ಲಿ ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಕಾರ್ಯಕರ್ತರಿಗೆ ಮನೋರೋಗ ಗುರುತಿಸುವುದನ್ನು ಕಲಿಸಿ ನೋಡಿದರು. 1985ರಿಂದ 1990ರವರೆಗೆ ಅದನ್ನೇ ಇಡೀ ಬಳ್ಳಾರಿ ಜಿಲ್ಲೆಗೆ ಹಬ್ಬಿಸಿದರು. 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಅದೇ ಸಂಸ್ಥೆಯ ಡಾ. ಸಿ.ಆರ್. ಚಂದ್ರಶೇಖರ್ ನೂರಾರು ಕನ್ನಡ ಪುಸ್ತಕಗಳಲ್ಲಿ ಮನೋರೋಗದ ಬಗ್ಗೆ ಬರೆದು ಎಲ್ಲೆಲ್ಲೋ ಇರುವ ಓದುಗರನ್ನು ತಲುಪಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇನ್ನೊಂದು ವೃತ್ತಿಜೀವನ ಈ ವಾದಕ್ಕೆ ಇನ್ನೂ ಹತ್ತಿರದ್ದು. ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ರೋಗಿಯ ಹಾಸಿಗೆಯ ಪಕ್ಕ ನಿಲ್ಲುವ ಮನೋವೈದ್ಯರಲ್ಲ, ಸಾಂಕ್ರಾಮಿಕಶಾಸ್ತ್ರದ ಪ್ರಾಧ್ಯಾಪಕರು. ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರ ಲೆಕ್ಕವನ್ನು ಬೆಂಗಳೂರಿನ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಇಟ್ಟವರು. ಬೆಂಗಳೂರಿನಲ್ಲಿ 2006ರ ನವೆಂಬರ್‌ನಲ್ಲಿ ಹೆಲ್ಮೆಟ್ ಕಡ್ಡಾಯವಾದಾಗ ಹೆಲ್ಮೆಟ್ ಪರವಾದ ವಾದಕ್ಕೆ ಬಲ ಕೊಟ್ಟದ್ದು ಇಂಥ ಲೆಕ್ಕವೇ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಮುಂದಾಳುವೂ ಅವರೇ. 12 ರಾಜ್ಯಗಳಲ್ಲಿ ನಡೆದ ಆ ಸಮೀಕ್ಷೆಯನ್ನು ಮೊದಲು ಪರೀಕ್ಷಿಸಿ ನೋಡಿದ್ದು ಕೋಲಾರ ಜಿಲ್ಲೆಯಲ್ಲಿ. ಮನೋರೋಗವಿದ್ದೂ ಚಿಕಿತ್ಸೆ ಸಿಗದವರು, ಕಾಯಿಲೆಗೆ ತಕ್ಕಂತೆ, ನೂರಕ್ಕೆ 70ರಿಂದ 92 ಎಂದು ಅದು ಹೇಳಿತು. 2020–21ರಲ್ಲಿ, ಕೋವಿಡ್ ಕಾಲದಲ್ಲಿ, ಅವರೇ ಸಂಸ್ಥೆಯ ನಿರ್ದೇಶಕರಾದರು. ಎಣಿಸುವವನು ಚಿಕಿತ್ಸಕರ ಮನೆಯ ಯಜಮಾನನಾದದ್ದು ಸಣ್ಣ ಮಾತಲ್ಲ. ಆದರೆ ಇಂಥವರು ನಮ್ಮ ಏಣಿಯ ಹೊರತಾಗಿಯೂ ಮೇಲೆ ಬಂದವರು. ಏಣಿಯ ದೆಸೆಯಿಂದ ಬಂದವರ ಸಂಖ್ಯೆ ಹೆಚ್ಚಬೇಕು. ಅಲ್ಲದೆ, ಚಿಕಿತ್ಸೆ ಸಿಗದ ಆ 70ರಿಂದ 92 ಮಂದಿ ಎಲ್ಲಿ ಹೋಗುತ್ತಾರೆ ಎಂಬುದಕ್ಕೆ ಉತ್ತರದ ಒಂದು ತುಂಡು ಮುರುಗಮಲ್ಲದಲ್ಲಿದೆ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಲ್ಲ. ಹಳ್ಳಿಯ ಆರೋಗ್ಯ ಸರ್ಕಾರದ ಕೆಲಸ, ವಿಶ್ವವಿದ್ಯಾಲಯದ್ದು ಪಾಠ ಮತ್ತು ಸಂಶೋಧನೆ, ಎರಡನ್ನೂ ಕಲಸಿದರೆ ಎರಡೂ ಕೆಡುತ್ತವೆ ಎಂಬುದು ಒಂದು. ಇದಕ್ಕೆ ಇತಿಹಾಸದ ಬೆಂಬಲವೂ ಇದೆ. 1946ರಲ್ಲೇ ಭೋರ್ ಸಮಿತಿ ಸಮಾಜವನ್ನು ಅರಿತ ವೈದ್ಯನ ಕನಸು ಕಂಡಿತ್ತು. 1977ರಲ್ಲಿ ಕೇಂದ್ರ ಸರ್ಕಾರ ಪ್ರತಿ ವೈದ್ಯಕೀಯ ಕಾಲೇಜಿಗೂ ಮೂರು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಒಪ್ಪಿಸುವ ‘ರೋಮ್’ ಯೋಜನೆ ತಂದಿತು, ಸಂಚಾರಿ ಆಸ್ಪತ್ರೆಯ ದೊಡ್ಡ ದೊಡ್ಡ ವಾಹನಗಳನ್ನೂ ಕೊಟ್ಟಿತು. ಯೋಜನೆ ಬೇರು ಬಿಡದೆ ಒಣಗಿತು. ಹಾಗಾದರೆ ಮತ್ತೆ ಅದೇ ಹಾದಿ ಯಾಕೆ ಎಂದು ಕೇಳುವುದು ನ್ಯಾಯವೇ. ‘ರೋಮ್’ ವಾಹನ ಕೊಟ್ಟಿತು, ಕೇಂದ್ರಗಳನ್ನು ಕೊಟ್ಟಿತು. ಆ ವಾಹನ ಹತ್ತಿ ಹೊರಟ ಪ್ರಾಧ್ಯಾಪಕನ ವೃತ್ತಿಗೆ ಅದರಿಂದ ಏನು ದಕ್ಕುತ್ತದೆ ಎಂಬುದನ್ನು ಮಾತ್ರ ಮುಟ್ಟಲಿಲ್ಲ. 2022ರಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗೆ ಹಳ್ಳಿಯ ಕೆಲವು ಕುಟುಂಬಗಳನ್ನು ‘ದತ್ತು’ ಕೊಡುತ್ತಿದೆ. ಹದಿನೆಂಟು ತುಂಬಿದ ಹುಡುಗ ಹುಡುಗಿಯರು ಐವತ್ತರ ರೈತನನ್ನು ದತ್ತು ತೆಗೆದುಕೊಳ್ಳುವ ತಮಾಷೆ ಒತ್ತಟ್ಟಿಗಿರಲಿ, ಯೋಚನೆ ಒಳ್ಳೆಯದೇ. ಆದರೆ ವಿದ್ಯಾರ್ಥಿ ಕೋರ್ಸು ಮುಗಿಸಿ ಹೋಗುತ್ತಾನೆ. ಊರಿನ ನೆನಪು ಉಳಿಯುವುದು ಅಧ್ಯಾಪಕನಲ್ಲಿ. ಅವನನ್ನು ಬಿಟ್ಟು ವಿದ್ಯಾರ್ಥಿಯನ್ನು ಮಾತ್ರ ಹಳ್ಳಿಗೆ ಅಟ್ಟಿದರೆ ‘ರೋಮ್’ ಕತೆಯೇ ಮತ್ತೆ ನಡೆಯುತ್ತದೆ.

ಎರಡನೆಯ ಆಕ್ಷೇಪ ಅಳತೆಯದು. ಲೇಖನ ಎಣಿಸಬಹುದು, ಹಳ್ಳಿಯ ಕೆಲಸವನ್ನು ಅಳೆಯುವುದು ಹೇಗೆ? ಅಳತೆಗೆ ಸಿಗದ್ದಕ್ಕೆ ಅಂಕ ಕೊಟ್ಟರೆ ಶಿಫಾರಸು, ಜಾತಿ, ಚೇಲಾಗಿರಿ ಒಳಗೆ ನುಗ್ಗುತ್ತವೆ ಎಂಬ ಭಯ ನಮ್ಮ ವಿಶ್ವವಿದ್ಯಾಲಯಗಳನ್ನು ಬಲ್ಲವರಿಗೆ ಇದ್ದೇ ಇರುತ್ತದೆ. 2001ರಲ್ಲಿ ವರದಿ ಕೊಟ್ಟ ಡಾ. ಎಚ್. ಸುದರ್ಶನ್ ನೇತೃತ್ವದ ಕರ್ನಾಟಕದ ಆರೋಗ್ಯ ಕಾರ್ಯಪಡೆ ಈ ಕ್ಷೇತ್ರದ ಭ್ರಷ್ಟಾಚಾರವನ್ನು ಮುಚ್ಚುಮರೆಯಿಲ್ಲದೆ ಹೆಸರಿಸಿತ್ತು. ಆದರೆ ಲೇಖನ ಎಣಿಸುವ ಪದ್ಧತಿ ನಮ್ಮನ್ನು ಈ ರೋಗದಿಂದ ಕಾಪಾಡಿದೆಯೇ? ದುಡ್ಡು ಕಟ್ಟಿದರೆ ಅಚ್ಚು ಹಾಕುವ ನಿಯತಕಾಲಿಕೆಗಳ ವ್ಯಾಪಾರ ಬೆಳೆದದ್ದೇ ಬಡ್ತಿಯ ಈ ಲೆಕ್ಕದ ಮೇಲೆ. ಊರಿನ ಕೆಲಸಕ್ಕೂ ಲೆಕ್ಕವಿದೆ, ಅದು ಲೇಖನದಷ್ಟು ಸುಲಭವಾಗಿ ಕೊಳ್ಳಲು ಸಿಗುವಂಥದ್ದೂ ಅಲ್ಲ. ಒಂದು ಕೇಂದ್ರದ ವ್ಯಾಪ್ತಿಯಲ್ಲಿ ಐದು ವರ್ಷದಲ್ಲಿ ಎಷ್ಟು ಕ್ಷಯರೋಗಿಗಳು ಚಿಕಿತ್ಸೆ ಪೂರ್ತಿ ಮಾಡಿದರು, ರಕ್ತದೊತ್ತಡ ಹತೋಟಿಯಲ್ಲಿ ಇರುವವರು ಎಷ್ಟು, ಸಂಶೋಧನೆಯ ಫಲಿತಾಂಶವನ್ನು ಯಾವ ಗ್ರಾಮಸಭೆಯಲ್ಲಿ ಯಾವ ಭಾಷೆಯಲ್ಲಿ ಮಂಡಿಸಲಾಯಿತು, ಪಂಚಾಯಿತಿ ಅದರ ಮೇಲೆ ಏನು ನಿರ್ಣಯ ಮಾಡಿತು ಎಂಬುದೆಲ್ಲ ದಾಖಲೆಗೆ ಸಿಗುವ ಸಂಗತಿ. ಕೆಲವು ಪ್ರಶ್ನೆಗಳಿಗಂತೂ ಬೇರೆ ದಾರಿಯೇ ಇಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಫ್ಲೋರೈಡ್ ನೀರು ಚಿಕ್ಕಬಳ್ಳಾಪುರ ಜಿಲ್ಲೆಯ ಮಕ್ಕಳ ಹಲ್ಲು, ಹಿರಿಯರ ಮೂಳೆಯ ಮೇಲೆ ಬಿಟ್ಟ ಗುರುತು ಎಲ್ಲರಿಗೂ ಗೊತ್ತು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿಯೂ ಗೊತ್ತು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಎಚ್.ಎನ್. ವ್ಯಾಲಿ, ಕೆ.ಸಿ. ವ್ಯಾಲಿ ಯೋಜನೆಗಳಲ್ಲಿ ಈ ಸೀಮೆಯ ಕೆರೆಗಳಿಗೆ ಹರಿಯುತ್ತಿದೆ. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಎಂಬ ಹೋರಾಟ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಅಂತರ್ಜಲ ಏರಿದ್ದು ಒಳಿತೇ, ಅದರ ಜೊತೆ ಇನ್ನೇನಾದರೂ ಇಳಿಯಿತೇ ಎಂಬುದನ್ನು ಹೇಳಬಲ್ಲವರು ಅದೇ ಊರುಗಳ ಅದೇ ಮನೆಗಳನ್ನು ಹತ್ತು ಹದಿನೈದು ವರ್ಷ ನೋಡುತ್ತ ಬಂದವರು ಮಾತ್ರ. ಆರು ತಿಂಗಳಿಗೊಂದು ಲೇಖನ ಬೇಡುವ ಏಣಿ ಅಂಥವರನ್ನು ಹುಟ್ಟಿಸುವುದಿಲ್ಲ.

ಮೂರನೆಯದು ಕುಲಪತಿಯ ಕುರ್ಚಿಯ ಬಗ್ಗೆ. ರಾಜ್ಯದ ವೈದ್ಯಕೀಯ, ದಂತ, ನರ್ಸಿಂಗ್, ಫಾರ್ಮಸಿ ಕಾಲೇಜುಗಳನ್ನೆಲ್ಲ ಹೊತ್ತಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ (1996ರಲ್ಲಿ ಕೆಲಸ ಶುರುಮಾಡಿದ್ದು) ಬೇಕಾದದ್ದು ಪರೀಕ್ಷೆ ಸರಿಯಾಗಿ ನಡೆಸುವ, ಸಂಯೋಜನೆಯ ಕಡತಗಳಲ್ಲಿ ಮೋಸ ಹಿಡಿಯುವ ಆಡಳಿತಗಾರ, ಹಳ್ಳಿ ಸುತ್ತಿದವರಿಂದ ಅದು ಆದೀತೇ ಎಂಬ ಅನುಮಾನ. ಆಡಳಿತ ಬರಬೇಕು, ಅನುಮಾನವಿಲ್ಲ. ಆದರೆ ಕುಲಪತಿ ಏನು ಮಾಡಬಲ್ಲರು ಎಂಬುದಕ್ಕೆ ಇದೇ ಜಿಲ್ಲೆ ಒಬ್ಬರನ್ನು ಕೊಟ್ಟಿದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ ಭೌತವಿಜ್ಞಾನಿ. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿ ಮಾಡಿ, ವಿಶ್ವವಿದ್ಯಾಲಯಕ್ಕೆ ಅದರ ಗೋಡೆಯಾಚೆಗಿನ ಜನರ ನಂಬಿಕೆಯೂ ವಿಷಯವೇ ಎಂದು ಸಾರಿದರು. ಅವರ ಸವಾಲಿನ ದಾರಿಯೇ ಮುರುಗಮಲ್ಲಕ್ಕೂ ಸರಿ ಎನ್ನಲಾಗದು. ಮಗನ ಕೈ ಹಿಡಿದು ದರ್ಗಾದ ಮುಂದೆ ಕೂತ ತಾಯಿಯ ಹತ್ತಿರ ಪುರಾವೆ ಕೇಳುವುದರಿಂದ ಮಗನಿಗೆ ಗುಳಿಗೆ ತಲುಪುವುದಿಲ್ಲ. ಆದರೆ ಕುರ್ಚಿಯಲ್ಲಿ ಕೂತವನ ಒಲವು ಇಡೀ ವಿಶ್ವವಿದ್ಯಾಲಯ ಏನನ್ನು ಕೆಲಸವೆಂದು ಎಣಿಸುತ್ತದೆ ಎಂಬುದನ್ನು ಬದಲಿಸಬಲ್ಲದು ಎಂಬುದಕ್ಕೆ ಅವರ ಐದು ವರ್ಷ ಸಾಕ್ಷಿ.

ಉಳಿದದ್ದು ವಿದ್ಯಾರ್ಥಿಗಳ ಮಾತು. ಎಂ.ಬಿ.ಬಿ.ಎಸ್. ಓದುವವರ ಕಣ್ಣು ರೇಡಿಯಾಲಜಿಯ ಮೇಲೆ, ಚರ್ಮರೋಗದ ಮೇಲೆ. ಸಮುದಾಯ ವೈದ್ಯಶಾಸ್ತ್ರದ ಸೀಟು ಬೇರೆಲ್ಲ ಮುಗಿದ ಮೇಲೆ ತೆಗೆದುಕೊಳ್ಳುವಂಥದ್ದು. ಇದು ನಿಜ. ಆದರೆ ಆ ವಿಭಾಗದಿಂದ ಮೇಲೆ ಹೋಗುವ ದಾರಿ ಕಾಣದಿರುವುದೂ ಇದಕ್ಕೆ ಒಂದು ಕಾರಣ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜೊಂದಿದೆ. ಮುದ್ದೇನಹಳ್ಳಿಯಲ್ಲಿ 2023ರಲ್ಲಿ ಉದ್ಘಾಟನೆಯಾದ, ಶುಲ್ಕವಿಲ್ಲದೆ ಕಲಿಸುವ ಕಾಲೇಜು ಇನ್ನೊಂದು. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲೆಯ ಆರೋಗ್ಯ ವ್ಯವಸ್ಥೆಯಲ್ಲಿ ಕೆಲಸ ಮಾಡಲೇಬೇಕೆಂಬ ನಿಯಮವೂ ಜಾರಿಯಲ್ಲಿದೆ. ಆ ಸರದಿಯಲ್ಲಿ ಮನೋವೈದ್ಯಶಾಸ್ತ್ರದವರೊಬ್ಬರು, ಸಮುದಾಯ ವೈದ್ಯಶಾಸ್ತ್ರದವರೊಬ್ಬರು ಮುರುಗಮಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವರ್ಷವಿಡೀ ತಪ್ಪದಂತೆ ನೋಡಿಕೊಳ್ಳಲು, ಅವರ ಮೇಲ್ವಿಚಾರಣೆಗೆ ಒಬ್ಬ ಅಧ್ಯಾಪಕರನ್ನು ಐದು ವರ್ಷಕ್ಕೆ ಗೊತ್ತು ಮಾಡಲು ಹೊಸ ಕಾಯ್ದೆ ಬೇಕಿಲ್ಲ. ಆ ಐದು ವರ್ಷವನ್ನು ಬಡ್ತಿಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಲು ಮಾತ್ರ ನಿಯಮಕ್ಕೆ ಒಂದು ತಿದ್ದುಪಡಿ ಬೇಕು. ಕನಿಷ್ಠ ಅರ್ಹತೆಯನ್ನು ರಾಷ್ಟ್ರೀಯ ಆಯೋಗ ನಿಗದಿ ಮಾಡುವುದರಿಂದ ಪೂರ್ತಿ ಬದಲಾವಣೆ ದಿಲ್ಲಿಯಲ್ಲಿ ಆಗಬೇಕು. ಆದರೆ ಕನಿಷ್ಠದ ಮೇಲೆ ತನ್ನ ಆದ್ಯತೆ ಏನೆಂದು ಹೇಳಲು ರಾಜ್ಯ ಸರ್ಕಾರವನ್ನು ತಡೆದವರಿಲ್ಲ. ಸರ್ಕಾರಿ ಕಾಲೇಜುಗಳ ನೇಮಕಾತಿ ಅದರ ಕೈಯಲ್ಲೇ ಇದೆ. ಮುಂದಿನ ಸಲ ಆರೋಗ್ಯ ವಿಶ್ವವಿದ್ಯಾಲಯದ ಕುಲಪತಿ ಹುದ್ದೆಗೆ ಶೋಧನಾ ಸಮಿತಿ ಅರ್ಜಿ ಕರೆಯುವಾಗ, ಅಭ್ಯರ್ಥಿ ಯಾವ ಕ್ಷೇತ್ರ ಪ್ರದೇಶದಲ್ಲಿ ಎಷ್ಟು ವರ್ಷ ಕೆಲಸ ಮಾಡಿದ್ದಾರೆ, ಅಲ್ಲಿನ ಪಂಚಾಯಿತಿಗೆ ಏನು ವರದಿ ಕೊಟ್ಟಿದ್ದಾರೆ ಎಂದು ಕೇಳುವ ಒಂದು ಕಾಲಂ ನಮೂನೆಯಲ್ಲಿ ಸೇರಿಸಬಹುದು.